ಹಿಂದೆ ಚೆಲ್ಲದ ನೀರು

೧೯ ಜೂನ್ ೨೦೦೦, ಬೆಲ್ಕಿಸ್

ಜೆಮಿಲೆ ಇವತ್ತು ಎಲ್ಲರಿಗೂ ಚಹಾ ಕೊಟ್ಟು ನನ್ನ ಲೋಟ ಮಾತ್ರ ಬೋರಲು ಹಾಕಿದಳು.

ಅವಳ ಪಿಸ್ತಾ ತೋಟದಡಿ ನಾವು ಅಗೆಯುತ್ತಿರುವ ಪ್ರಾಚೀನ ಗ್ರೀಕರ ಊರನ್ನೂ ಪಕ್ಕದಲ್ಲಿರುವ ಅವಳ ತಾಯಿಯ ಗೋರಿಯನ್ನೂ ಅಣೆಕಟ್ಟಿನ ನೀರು ನಾಳೆ ನುಂಗುತ್ತದೆ. ಇರುವುದು ಒಂದೇ ಲಾರಿ. ತಾಯಿಯನ್ನು ಸಾಗಿಸಲು ಅವಳು ಅದನ್ನು ಕೇಳಿದ್ದಳು. ನಾನು ಬಣ್ಣದ ಕಲ್ಲುಗಳಲ್ಲಿ ಹೆಂಗಸೊಬ್ಬಳ ಚಿತ್ರವಿದ್ದ ನೆಲವನ್ನು ಕೀಳಿಸಿ ಅದರಲ್ಲಿ ಹೇರಿಸಿದೆ.

“ಕಲ್ಲಿನ ಹೆಂಗಸಿನ ಮುಖಕ್ಕೆ ಹತ್ತಿ ಸುತ್ತಿದೀರಿ, ನೋವಾಗುತ್ತೇನೋ ಅಂತ. ನಮ್ಮವ್ವನ್ನ ಮೀನಿಗೆ ಬಿಡಿ ಮೇಡಂ.”

“ಅದು ಎರಡು ಸಾವಿರ ವರ್ಷದ ಹಿಂದಿನದು, ಜೆಮಿಲೆ.”

“ನಮ್ಮವ್ವ ಇನ್ನೂ ಅಷ್ಟು ಹಳೇದಾಗಿಲ್ಲ. ತಪ್ಪಾಯ್ತು ಬಿಡಿ.”

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಾನು ಮಾಡಿದ್ದು ಸರಿಯೇ ಎಂದು ಎಷ್ಟು ಸಲ ಕೇಳಿಕೊಂಡರೂ ಸರಿ ಎಂದೇ ಉತ್ತರ ಬರುತ್ತದೆ. ಆ ಉತ್ತರವೇ ನನಗೆ ಹಿಡಿಸುತ್ತಿಲ್ಲ.

ಹೊರಟವರು ಸುಖವಾಗಿ ಮರಳಲೆಂದು ಇಲ್ಲಿ ಹಿಂದೆ ನೀರು ಚೆಲ್ಲುತ್ತಾರೆ. ನಮ್ಮ ಲಾರಿಗೆ ದಿನವೂ ಚೆಲ್ಲುತ್ತಿದ್ದ ಜೆಮಿಲೆ ಇವತ್ತು ತುಂಬಿದ ಹೂಜಿ ಪಕ್ಕದಲ್ಲಿಟ್ಟುಕೊಂಡು ಕೂತೇ ಇದ್ದಳು.

“ನೀರೆಲ್ಲಿ ಅಕ್ಕಾ?” ಎಂದ ಡ್ರೈವರ್.

“ನಾನ್ಯಾಕೆ ಹಾಕ್ಲಿ? ನಿಮ್ಮ ಹಿಂದೇನೇ ಬರ್ತಿದೆಯಲ್ಲ.”

ಲಾರಿ ಬೆಳಿಗ್ಗೆ ಖಾಲಿ ಮರಳುತ್ತದೆ. ಅಷ್ಟರಲ್ಲಿ ಗೋರಿಯ ದಾರಿ ನೀರಿನಡಿ ಇರುತ್ತದೆ.