ಮನಸ್ಸಾಕ್ಷಿಗೆ ವಿರುದ್ಧವಾಗಿ ಒಂದು ಮಾತ್ರೆ

ಆರ್‌ಪಿಸಿ ಲೇಔಟ್
ಶನಿವಾರ ಕಳೆದು ಭಾನುವಾರ

ಪ್ರೀತಿಯ ಅಕ್ಕ,

ರಾತ್ರಿ ಎರಡೂವರೆ. ಅಡುಗೆಮನೆಯಲ್ಲಿ ಚಮಚ ಲೋಟಕ್ಕೆ ತಾಗಿದ ಸದ್ದಿಗೆ ಎದ್ದು ಕೂತೆ. ಎಚ್ಚರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅನು ಹುಟ್ಟಿದ ಮೇಲೆ ನಾನು ಸರಿಯಾಗಿ ಮಲಗಿಯೇ ಇಲ್ಲ. ಕಣ್ಣು ಮುಚ್ಚಿದರೆ ಮಗುವಿನ ಉಸಿರು ನಿಲ್ಲುತ್ತದೆ ಅನ್ನಿಸುತ್ತದೆ. ಡಾಕ್ಟರ್ ನಿದ್ದೆಗೆ ಮಾತ್ರೆ ಬರೆದುಕೊಟ್ಟು, ಹಾಲೂಡಿಸುವವರು ತಗೊಂಡರೂ ತೊಂದರೆಯಿಲ್ಲ ಎಂದಿದ್ದಾರೆ. ಆ ಶೀಟನ್ನು ಇನ್ನೂ ಒಡೆದಿಲ್ಲ.

ಹೋಗಿ ನೋಡಿದರೆ ಅತ್ತೆ ದೀಪ ಹಾಕದೆ ಹಾಲು ಕಲಸುತ್ತಿದ್ದರು. ಮಾತ್ರೆ ಪುಡಿ ಮಾಡಿ ನನಗೆ ಕುಡಿಸಲು ಹೊರಟಿದ್ದಾರೆ ಎಂದೇ ಅಂದುಕೊಂಡೆ. "ಅದನ್ನ ನೀವೇ ಕುಡೀರಿ ನೋಡೋಣ" ಎಂದೆ.

"ನಾನು ಕುಡಿಯೋಕೇ ಕಲಸ್ಕೊಂಡಿದ್ದು ಕಣೇ" ಎಂದು ಗಟಗಟ ಕುಡಿದರು. "ಎರಡು ಚಮಚ ಸಕ್ಕರೆ ಹಾಕಿದೀನಿ. ಅನಿಕೇತನಿಗೆ ಹೇಳ್ಬೇಡ, ಶುಗರ್ ಶುಗರ್ ಅಂತ ಪ್ರಾಣ ತಿಂತಾನೆ."

ಮಗನ ಮೇಲೆ ದೂರು ಹೇಳುತ್ತ ಹಾಲಿನ ಮೀಸೆ ಒರೆಸಿಕೊಂಡರು. ನಗಬೇಕಿತ್ತು. ನಾನು ರೂಮಿಗೆ ಬಂದು ಮಾತ್ರೆ ಎಣಿಸಿದೆ. ಎಲ್ಲ ಇದ್ದವು. ಆಗ ಸಂಶಯ ಅವರನ್ನು ಬಿಟ್ಟು ನಿನ್ನ ಮೇಲೆ ಬಂತು.

ಚರ್ಚಿನ ಜ್ಞಾನೋಪದೇಶದ ತರಗತಿಯಲ್ಲಿ ಫಾದರ್ ಹೇಳಿದ್ದು ನಿನಗೂ ನೆನಪಿರಬೇಕು. ಮನಸ್ಸಾಕ್ಷಿ ತಪ್ಪು ತಿಳಿದುಕೊಂಡಿದ್ದರೂ ಸರಿಯೇ, ಅದು ಬೇಡವೆಂದದ್ದನ್ನು ಮಾಡಿದರೆ ಪಾಪ. ತಿನ್ನಬಾರದು ಅಂದುಕೊಂಡೇ ತಿಂದರೆ ಒಳ್ಳೆಯ ಅನ್ನವೂ ಪಾಪವೇ ಎಂದಿದ್ದರು. ನನ್ನ ಮನಸ್ಸಾಕ್ಷಿ ಹೇಳುತ್ತದೆ, ಮಾತ್ರೆ ನುಂಗಿ ಮಲಗುವ ತಾಯಿ ಮಗುವನ್ನು ಕೈಬಿಟ್ಟ ಹಾಗೆ.

ಮೊನ್ನೆ ಫೋನಿನಲ್ಲಿ ನೀನು ಬೇರೆಯೇ ಹೇಳಿದೆ. ನೀನು ಕನ್ಯಾಸ್ತ್ರೀ, ಮೇಲಾಗಿ ನರ್ಸ್. "ಎಲ್ಲದರಲ್ಲೂ ಪಾಪ ಕಾಣೋ ಮನಸ್ಸಿದೆಯಲ್ಲ, ಅದು ಮನಸ್ಸಾಕ್ಷಿ ಅಲ್ಲ ಕಣೇ, ಭಯ. ಅಂಥವರಿಗೆ ನಮ್ಮ ಧರ್ಮಸಭೆಯಲ್ಲಿ ಹೇಳೋದೇ ಬೇರೆ. ನಂಬಿಕಸ್ಥರೊಬ್ಬರ ಮಾತು ಕೇಳು, ಒಳಗಿನ ಗದ್ದಲ ದಾಟಿ ನಡಿ, ಅದು ಪಾಪ ಆಗಲ್ಲ ಅಂತ" ಎಂದೆ. ಕೇಳಿ ನಾನು ಅತ್ತುಬಿಟ್ಟಿದ್ದೆ. ಆಮೇಲೆ ಅನಿಕೇತನ ಫೋನು ನೋಡಿದೆ. ನನಗೆ ಫೋನ್ ಮಾಡುವುದಕ್ಕೆ ಸ್ವಲ್ಪ ಮುಂಚೆ ನೀನು ಅವನ ಜೊತೆ ಮಾತಾಡಿದ್ದೆ.

ಹಾಗಾದರೆ ಅದು ಧರ್ಮಸಭೆಯ ಮಾತೋ, ನನ್ನನ್ನು ಮಲಗಿಸಲು ನೀವಿಬ್ಬರೂ ಸೇರಿ ಹೂಡಿದ ಉಪಾಯವೋ? ಧರ್ಮಸಭೆಯ ಮಾತೇ ಆಗಿದ್ದರೂ, ಭಯ ಯಾವುದು, ಮನಸ್ಸಾಕ್ಷಿ ಯಾವುದು ಎಂದು ನಾನು ಹೇಗೆ ತಿಳಿಯಲಿ? ಎರಡೂ ನನ್ನ ದನಿಯಲ್ಲೇ ಮಾತಾಡುತ್ತವೆ. ಅವನು ಫೋನ್ ಮಾಡದೇ ಇದ್ದಿದ್ದರೂ ನೀನು ಇದನ್ನೇ ಹೇಳುತ್ತಿದ್ದೆಯಾ? ಇಷ್ಟು ಮಾತ್ರ ಹೇಳು.

ಮೈಸೂರಿನ ಆಸ್ಪತ್ರೆಯಲ್ಲಿ ಈ ವಾರ ನಿನಗೆ ನೈಟ್ ಡ್ಯೂಟಿ ಎಂದು ಗೊತ್ತು, ಅದಕ್ಕೇ ವಾಟ್ಸಾಪಿನಲ್ಲೇ ಇಷ್ಟುದ್ದ ಕಾಗದ. ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. "ಮಗು ಇತ್ಲಾಗೆ ಕೊಡು. ಹೆಂಗೂ ಎದ್ದಿದೀನಿ, ನೋಡ್ಕೋತೀನಿ" ಎನ್ನುತ್ತಿದ್ದಾರೆ. ಕೊಟ್ಟಿಲ್ಲ.

ನಿನ್ನನ್ನೂ ನಂಬಲಾರದ ತಂಗಿ,
ಚೈತನ್ಯಾ

ತಾ.ಕ.: ಒಂದು ಮಾತ್ರೆ ನುಂಗಿದೆ, ಡಾಕ್ಟರ್ ಹೇಳಿದಷ್ಟೇ. ಒಳಗೆ ಬೇಡ ಬೇಡ ಎನ್ನುತ್ತಿರುವಾಗಲೇ ನುಂಗಿದೆ. ನಿನ್ನನ್ನು ನಂಬಿಯೋ, ಸೋತು ಸುಣ್ಣವಾಗಿಯೋ ತಿಳಿಯದು. ಅನು ಅತ್ತೆಯ ತೊಡೆಯ ಮೇಲಿದ್ದಾಳೆ. ಅಕ್ಷರಗಳು ಮಂಜಾಗುತ್ತಿವೆ. ಬೆಳಗಾಗುವ ಮುಂಚೆ ಫೋನ್ ಮಾಡು. ನನಗಲ್ಲ, ಅತ್ತೆಗೆ. ಮಗು ಉಸಿರಾಡ್ತಾ ಇದೆಯಾ ಅಂತ ಕೇಳು. ದಯವಿಟ್ಟು ಮಾಡಕ್ಕ.