ಮೊಲಕ್ಕೆ ಪಥ್ಯ

ಭದ್ರಾವತಿ,
ಭಾನುವಾರ

ಚಿ. ರಕ್ಷಾಗೆ ಸೋದರಮಾವನ ಆಶೀರ್ವಾದ.

ನೀನು ನಮ್ಮಲ್ಲಿ ಬಿಟ್ಟುಹೋದ ಮೊಲ ಗುಂಡ ಇಂದು ಬೆಳಿಗ್ಗೆ ಏಳು ಹಿಕ್ಕೆ ಹಾಕಿದನೆಂಬ ಮಹಾವಾರ್ತೆಯನ್ನು ಹರ್ಷದಿಂದ ಪ್ರಕಟಿಸುತ್ತಿದ್ದೇನೆ. ಇದು ವಾರ್ತೆಯಾಗಲು ನಾನೇ ಕಾರಣ. ಸಂತಾನಹರಣ ಆಪರೇಶನ್ ಆದವನಿಗೆ ಹಸಿಹುಲ್ಲು ಶೀತವೆಂದು, ಹುಲ್ಲೇ ಹಾಕಬೇಕೆಂದು ನೀನು ಬರೆದುಕೊಟ್ಟ ಚೀಟಿಯನ್ನು ಬದಿಗಿಟ್ಟು, ಮೆಣಸಿನ ಸಾರನ್ನದ ಪಥ್ಯ ಮಾಡಿಸಿದೆ. ಅವನು ಮುಟ್ಟಲಿಲ್ಲ, ಹೊಟ್ಟೆ ಕಟ್ಟಿತು. ನಿನ್ನೆ ಫೋನಿನಲ್ಲಿ "ಚೆನ್ನಾಗಿದಾನೆ ಕಣಮ್ಮ" ಅಂದೆನಲ್ಲ, ಆಗ ಅವನು ಮೂಲೆಯಲ್ಲಿ ಮುದುಡಿ ಕೂತಿದ್ದ.

ಫೋನಿಟ್ಟ ಮೇಲೆ ಅವನನ್ನು ಎತ್ತಿಕೊಂಡು ಹೋದರೆ ಡಾಕ್ಟರು, "ಇದೇನು ಬಾಣಂತಿನೇನ್ರೀ? ಹುಲ್ಲು ಹಾಕಿ ಮಾರಾಯ್ರೇ! ಇನ್ನೊಂದಿನ ಬಿಟ್ಟಿದ್ರೆ ಉಳೀತಿರ್ಲಿಲ್ಲ" ಎಂದರು. ಬರುವ ದಾರಿಯಲ್ಲೇ ಹುಲ್ಲು ಕೊಯ್ದು ತಂದೆ.

ಈಗ ಅತ್ತೆ ಕೊಟ್ಟರೆ ತಿನ್ನುತ್ತಾನೆ. ನನ್ನನ್ನು ಕಂಡರೆ ಗೋಡೆಗೆ ಮುಖ ಮಾಡುತ್ತಾನೆ. ಶಿವಮೊಗ್ಗದಿಂದ ಬರುವವರ ಕೈಯಲ್ಲಿ ನಿನ್ನದೊಂದು ಒಗೆಯದ ಹಳೇ ದುಪಟ್ಟಾ ಕಳಿಸಮ್ಮ. ಹೊದ್ದುಕೊಂಡು ಹುಲ್ಲು ಕೊಟ್ಟು ನೋಡುತ್ತೇನೆ.

ಇಂತಿ,
ಯೋಗೇಶ ಮಾವ