ಒಂಬತ್ತು ಸಾಲದು

ಈಸ್ಟನ್, ಪೆನ್ಸಿಲ್ವೇನಿಯಾ
ಸೆಪ್ಟೆಂಬರ್ 12, ಶುಕ್ರವಾರ

ಪ್ರೀತಿಯ ಅಮ್ಮ,

ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕಾಲೇಜು ಸೇರು ಎಂಬ ನಿನ್ನ ಹಳೆಯ ಮಾತಿಗೆ ನನ್ನ ಹಳೆಯ ಉತ್ತರವೇ: ಈ ದೇಶವನ್ನು ಎಬ್ಬಿಸಿದ್ದು ಪದವಿಗಳಲ್ಲ, ಕರಪತ್ರಗಳು. ಅವನ್ನು ನಾನು ಓದಿಕೊಂಡಿದ್ದೇನೆ.

ಕೆಲಸ ಹೇಗಿದೆ ಎಂದು ಕೇಳಿದ್ದೆಯಲ್ಲ. ನಮ್ಮ ಸಂಸ್ಥೆ ಬೇಸಿಗೆಯಲ್ಲಿ ಕಾಲೇಜು ಅಧ್ಯಾಪಕರನ್ನು ಕರೆಸಿ, ಅಮೆರಿಕದ ಸ್ಥಾಪನೆಯ ತತ್ವಗಳನ್ನು ಕಲಿಸುವ ಪಾಠಕ್ರಮ ರೂಪಿಸಲು ನೆರವಾಗುತ್ತದೆ. ಹಳೆಯ ದಾಖಲೆಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಬಾಯಿ ಮುಚ್ಚಿಕೊಂಡಿರುವುದೂ ಅದರ ಭಾಗವೇ, ಅದು ನನ್ನಿಂದಾಗಲಿಲ್ಲ.

ಜುಲೈನಲ್ಲಿ ಡೆಲ್ಬರ್ಟ್ ಹೌಕ್ ಎಂಬ ಇತಿಹಾಸದ ಅಧ್ಯಾಪಕರು ಬಂದಿದ್ದರು. ನದಿಯಾಚೆಯ ಸಣ್ಣ ಕಾಲೇಜಿನವರು. ಹೊಸ ತರಗತಿಯ ಹಾಜರಿ ಪುಸ್ತಕದಲ್ಲಿ ಹತ್ತು ಹೆಸರು ಉಳಿಯದಿದ್ದರೆ ತರಗತಿಯೂ ಇಲ್ಲ, ಅವರ ಹುದ್ದೆಯೂ ಇಲ್ಲ ಎಂದು ಕಾಲೇಜು ಹೇಳಿತ್ತು. ಅವರ ಪಾಠಕ್ರಮದ ಕರಡನ್ನು ಎಲ್ಲರೂ ಹೊಗಳಿದರು. ನಾನು ಎದ್ದು ನಿಂತು, ಜನರ ಒಪ್ಪಿಗೆಯಿಲ್ಲದೆ ಸರ್ಕಾರವಿಲ್ಲ ಎಂದು ಬರೆದು ಅದರ ಕೆಳಗೇ ಹಾಜರಿ ಕಡ್ಡಾಯ ಎಂದಿದ್ದೀರಲ್ಲ, ವಿದ್ಯಾರ್ಥಿಗಳ ಒಪ್ಪಿಗೆ ಯಾರು ಕೇಳಿದರು ಎಂದೆ.

"ಏನಮ್ಮಾ, ಅವರ ಕೈಗೆ ವೋಟು ಕೊಟ್ರೆ ಮೊದಲು ನನ್ನನ್ನೇ ಮನೆಗೆ ಕಳಿಸ್ತಾರೆ," ಎಂದು ನಕ್ಕರು.

"ಕಳಿಸ್ಲಿ ಬಿಡಿ ಸರ್," ಎಂದೆ.

ಅವರ ನಗು ನಿಂತಿತು. ಮರುದಿನ ಕರಡು ಬದಲಾಗಿತ್ತು. ಮೊದಲ ತರಗತಿಯಲ್ಲಿ ಪಾಠಕ್ರಮವನ್ನೇ ಸಂವಿಧಾನದಂತೆ ಮುಂದಿಟ್ಟು, ಚರ್ಚಿಸಿ, ಮತಕ್ಕೆ ಹಾಕುವುದು. ಒಪ್ಪದವರು ಹೊರಡಬಹುದು, ಅವರು ತರಗತಿ ಬಿಡುವ ಚೀಟಿಗೆ ಹೌಕ್ ಅವರೇ ಸಹಿ ಹಾಕುತ್ತಾರೆ.

ಕಳೆದ ವಾರ ಸಂಸ್ಥೆಯ ಪರವಾಗಿ ಆ ತರಗತಿ ನೋಡಲು ಹೋದೆ. ಹನ್ನೆರಡು ಮಂದಿ ಬಂದಿದ್ದರು. ಆಸ್ಪತ್ರೆಯ ಪಾಳಿ ಮುಗಿಸಿ ಬಂದಿದ್ದ ಯೋಲಾಂಡಾ ಎಂಬ ನರ್ಸ್ ಮೊದಲ ಸಾಲಿಗೇ ತಕರಾರು ತೆಗೆದಳು.

"'ನಾವು' ಅಂತ ಶುರು ಮಾಡಿದೀರಿ. ಬರೆದಿದ್ದು ನೀವೊಬ್ರೇ ತಾನೇ ಸರ್? ಆವಾಗ ನಾವೆಲ್ಲಿದ್ವಿ?"

ಫಿಚ್ ಎಂಬ ವೆಲ್ಡರ್ ಹಿಂದಿನ ಬೆಂಚಿನಿಂದ, "ಬೇಡ ಅಂದ್ರೂ ಅಂಕ ಸಿಗತ್ತಾ?" ಎಂದ.

"ಸಿಗಲ್ಲಪ್ಪ."

"ಮತ್ತೆ ಇದ್ಯಾವ ಸೀಮೆ ವೋಟು ಸರ್! ಬೆದರಿಕೆ ಇದು!"

ಎಲ್ಲರಿಗಿಂತ ಜೋರಾಗಿ ನಕ್ಕವರು ಹೌಕ್. ಜಗಳ ಜೋರಾಗಿಯೇ ನಡೆಯಿತು. ಪಾಠಕ್ರಮದಲ್ಲಿದ್ದ ಶುಕ್ರವಾರದ ಪರೀಕ್ಷೆ ಚರ್ಚೆಯಲ್ಲಿ ಬಿದ್ದುಹೋಯಿತು. ಕೊನೆಗೆ ಒಂಬತ್ತು ಮತ ಬಂದು ಪಾಠಕ್ರಮ ಗೆದ್ದಿತು. ಉಳಿದ ಮೂವರು ಎದ್ದರು, ಫಿಚ್ ಮುಂದೆ. ಹೌಕ್ ಸಹಿ ಹಾಕಿ, ಕೈ ಕುಲುಕಿ ಕಳಿಸಿಕೊಟ್ಟರು.

ಅಮ್ಮ, ಸಂವಿಧಾನ ಜಾರಿಗೆ ಬರಲು ಅಂದು ಒಂಬತ್ತು ರಾಜ್ಯಗಳ ಒಪ್ಪಿಗೆ ಸಾಕಾಗಿತ್ತು. ಈ ಕಾಲೇಜಿಗೆ ಹತ್ತು ಬೇಕು.

ತಮ್ಮ ಹುದ್ದೆಯ ವಿಷಯವನ್ನು ಹೌಕ್ ತರಗತಿಗೆ ಹೇಳಿರಲೇ ಇಲ್ಲ. ಯಾಕೆ ಎಂದು ಕೇಳಿದೆ.

"ಹೇಳಿದ್ರೆ ಅದು ವೋಟು ಕೇಳಿದ ಹಾಗಲ್ಲ, ಕಿತ್ಕೊಂಡ ಹಾಗೆ. ನೀನೇ ಹೇಳಿಕೊಟ್ಟ ಪಾಠ ಅಲ್ವೇನಮ್ಮಾ ಇದು?"

ನಾನು ಕಾರು ನಿಲ್ಲಿಸುವ ಜಾಗಕ್ಕೆ ಓಡಿ ಫಿಚ್‌ನನ್ನು ಹಿಡಿದೆ. ಎಲ್ಲವನ್ನೂ ಹೇಳಿದೆ. ಅವನು ಚೀಲವನ್ನು ಟ್ರಕ್ಕಿನೊಳಗೆ ಎಸೆದ.

"ಅಂದ್ರೆ ನಾನು ಅಯ್ಯೋ ಪಾಪ ಅಂತ ಬಂದು ಕೂತ್ಕೋಬೇಕಾ? ಆ ಮನುಷ್ಯ ನನ್ನ ಕೇಳಿದ್ರು, ನಾನು ಹೇಳ್ದೆ. ಮಧ್ಯೆ ನೀನ್ಯಾರು?"

ನಾನು ಓದಿದ ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರವಿರಲಿಲ್ಲ.

ಇವತ್ತು ಹಾಜರಿ ಪುಸ್ತಕ ಮುಚ್ಚಿದರು. ತರಗತಿ ಉಳಿದಿದೆ, ಹೌಕ್ ಅವರೂ ಉಳಿದಿದ್ದಾರೆ. ಹತ್ತನೆಯವರೊಬ್ಬರು ಕೊನೆಯ ಗಳಿಗೆಯಲ್ಲಿ ಹೆಸರು ಬರೆಸಿದರಂತೆ. ಇಲ್ಲಿ ಸೇಬು ಬಂದಿವೆ. ನಿನ್ನ ಮಂಡಿ ನೋವು ಹೇಗಿದೆ?

ನಿನ್ನ ಹಟಮಾರಿ ಮಗಳು,
ಲೋರ್ನಾ

ಮರೆತ ಮಾತು: ಕಾಲೇಜಿನಿಂದ ಮನೆಗೆ ನನ್ನ ಹೆಸರಿಗೊಂದು ಲಕೋಟೆ ಬರುತ್ತದೆ. ನೀನೇ ಒಡೆದು ನೋಡು, ಆದರೆ ಚರ್ಚಿಗೆ ಕೊಂಡೊಯ್ದು ಎಲ್ಲರಿಗೂ ತೋರಿಸಬೇಡ. "ಪಾಪ ಅಂತ ಬಂದ್ಯಾ?" ಎಂದು ಇವತ್ತು ಹಾಜರಿ ಪುಸ್ತಕದ ಮುಂದೆ ಹೌಕ್ ಕೇಳಿದರು. "ಇಲ್ಲ ಸರ್, ಫಿಚ್ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ," ಎಂದೆ. ಅವರು ಮತಚೀಟಿಯೊಂದನ್ನು ಕೈಗಿತ್ತರು. "ಪಾಠಕ್ರಮ ಪೂರ್ತಿ ಓದಿ ವೋಟು ಹಾಕು. ಬೇಡ ಅನ್ನೋ ಹಕ್ಕು ನಿಂಗೂ ಇದೆ."